ಕೈಯ ಬೆನ್ನು

ಹತ್ತೊಂಬತ್ತು ವರ್ಷದಿಂದ ಇದೇ ವ್ಯಾನು.
ಅಲ್ಲ, ಇದು ಮೂರನೆಯದು. ಸ್ಟೇರಿಂಗ್ ಹಿಡಿದ ಕೈ ಮಾತ್ರ ಅದೇ.
ವಾದಿ ಕಬೀರ್, ದಾರ್ಸೈಟ್, ರೂವಿಯ ಹಿಂದಿನ ಗಲ್ಲಿಗಳು,
ಹಮ್ರಿಯಾ ಏರಿನಲ್ಲಿ ಹಂಪು ಎಷ್ಟು, ಯಾವುದರ ಬಣ್ಣ ಹೋಗಿದೆ,
ಯಾವ ಮಗು ಯಾವ ಹಂಪಿನಲ್ಲಿ ಹಾಲು ಕಕ್ಕುತ್ತದೆ,
ಕೇಳಿ, ಹೇಳುತ್ತೇನೆ.

ಮೊನ್ನೆ ಬುಧವಾರ, ನನ್ನ ಹಿಂದಿನ ಸೀಟಿನ ರಿಯೋನಾ ಲೋಬೊ,
ನಾಲ್ಕನೇ ಕ್ಲಾಸು, ಬಾಯಲ್ಲಿ ಪೆನ್ಸಿಲು,
"ಪುತ್ತುಬಾವ ಅಂಕಲ್, ಅರ್ಜೆಂಟಾಗಿ ಒಂದು ವಾಕ್ಯ ಬೇಕು.
ಅದರಲ್ಲಿ 'ಬ್ಯಾಕ್ ಆಫ್ ದ ಹ್ಯಾಂಡ್' ಬರಬೇಕು."
ಹಾಗೆಂದರೇನು ಮಗಾ?
"ಕೈಯ ಬೆನ್ನು. ಅಂದರೆ, ಪೂರಾ ಗೊತ್ತು ಅಂತ. ಎಲ್ಲಾ ಗೊತ್ತು ಅಂತ."

ನಮ್ಮಲ್ಲಿ ಅದಕ್ಕೆ ಅಂಗೈ ಸಾಕು,
ಮೇಲೊಂದು ನೆಲ್ಲಿಕಾಯಿ.
ಇವರು ಕೈಯನ್ನು ದೋಸೆಯ ಹಾಗೆ ಮಗುಚಿ ಹಾಕಿದ್ದಾರೆ.
ಇರಲಿ, ಬರಿ ಎಂದೆ:
ನಮ್ಮ ವ್ಯಾನ್ ಅಂಕಲ್‌ಗೆ ಮಸ್ಕತ್ತು
ತನ್ನ ಕೈಯ ಬೆನ್ನಿನಷ್ಟೇ ಗೊತ್ತು.

ಮೊಣಕಾಲ ಮೇಲಿಟ್ಟು ಬರೆದಳು. ಹಂಪಿಗೆ ಅಕ್ಷರ ಹಾರಿತು.
ವಾದಿ ಅದೈ ಸಿಗ್ನಲ್ಲು, ಕೆಂಪು.
"ಹಾಗಾದರೆ ನೋಡದೆ ಹೇಳಿ,
ನಿಮ್ಮ ಎಡಗೈ ಬೆನ್ನ ಮೇಲೆ ಏನೇನಿದೆ?"
ಕೂದಲು, ಎಂದೆ. ನರ.
"ಮತ್ತೆ?"
ಮತ್ತೆ ಉಗುರು.
"ಉಗುರು ಬೆರಳಿಂದು!" ಹಿಂದಿನ ಸೀಟಿನವರೂ ಸೇರಿಕೊಂಡರು.
ಹಸಿರಾಯಿತು. ಬೆನ್ನಿಗೆ ಹಾರ್ನು.
ಅವಳೇ ಬಗ್ಗಿ ಎಣಿಸಿದಳು: ಮಚ್ಚೆ ಎರಡು,
ಕಿರುಬೆರಳ ಬುಡದಲ್ಲಿ ಬಿಳಿ ಕಲೆ,
"ಉಗುರು ಕತ್ತರಿಸಿ ಎಸೆದ ಹಾಗಿದೆ ಅಂಕಲ್."

ರಾತ್ರಿ ರೂಮಿನಲ್ಲಿ, ನಾಲ್ಕು ಮಂಚದ ನಡುವೆ,
ಟ್ಯೂಬ್‌ಲೈಟಿಗೆ ಎರಡೂ ಕೈ ಚಾಚಿ ನೋಡಿದೆ.
ಎಡಗೈ ಕಿಟಕಿಯದ್ದು. ಬಿಸಿಲು ಅದನ್ನು ಕಾವಲಿಯ ತಳ ಮಾಡಿದೆ.
ಬಲಗೈ ಗೇರಿನದ್ದು. ನೆರಳಲ್ಲೇ ದುಡಿದು
ನಾನು ವಿಮಾನ ಇಳಿದ ದಿನದ ಬಣ್ಣ ಉಳಿಸಿಕೊಂಡಿದೆ.
ಒಬ್ಬನ ಕೈಗಳಲ್ಲ ಇವು,
ಚಿಕ್ಕಪ್ಪ ಮತ್ತು ಅವನ ಮಗ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಬೆನ್ನಿಗೆ?
ನನಗೆ ಗೊತ್ತಿರುವ ಮಸ್ಕತ್ತೂ ಬೆನ್ನೇ:
ನಲವತ್ತಾರು ಗೇಟು, ನಲವತ್ತಾರು ಕರೆಗಂಟೆ.
ಒಳಗಿನ ಸೋಫಾದ ಬಣ್ಣ ಒಂದರದ್ದೂ ಗೊತ್ತಿಲ್ಲ.
ಒಮ್ಮೆ ಮಳೆ ಬಂದು ವಾದಿ ತುಂಬಿ ಹರಿದ ದಿನ
ಯಾರದೋ ತಾಯಿ ಗೇಟಿನ ಸಂದಿಯಿಂದ
ಪೇಪರ್ ಕಪ್ಪಿನಲ್ಲಿ ಚಹಾ ಕೊಟ್ಟಿದ್ದರು.
ಏಲಕ್ಕಿ ಹಾಕಿದ್ದರು. ಅಷ್ಟು ಗೊತ್ತು.

ಜೊಹರಾಳಿಗೆ ಫೋನು ಹಚ್ಚಿದೆ.
ನನ್ನ ಎಡಗೈ ಬೆನ್ನ ಮೇಲೆ ಏನಿದೆ, ಹೇಳು?
"ಮರುಳಾ ನಿಮಗೆ?" ಎಂದವಳು
ಉಸಿರು ತೆಗೆದುಕೊಳ್ಳದೆ ಮುಂದುವರಿಸಿದಳು:
"ಕಿರುಬೆರಳ ಬುಡದಲ್ಲಿ ಗಾಯ. ಮದುವೆಯಾದ ವಾರ
ನನ್ನ ಉಮ್ಮನೆದುರು ಶೂರನಾಗಲು ಹೋಗಿ
ಮರುವಾಯಿ ಬಿಡಿಸುವಾಗ ಮೆಟ್ಟುಕತ್ತಿಗೆ ಕೊಟ್ಟದ್ದು.
ಅರಸಿನ ಮೆತ್ತುವಾಗ ಅಳು ನುಂಗಿ ನಕ್ಕಿದ್ದೀರಿ.
ಆದರೆ ಅದು ಬಲಗೈ."
ಎಡಗೈ, ಎಂದೆ.
"ಬಲಗೈ. ದಿನಾ ನೋಡುತ್ತೇನಲ್ಲ, ನನ್ನ ಬಲಕ್ಕೇ ಇರುತ್ತದೆ."
ವಾದ ಬಿಟ್ಟೆ.
ಎದುರು ಕೂತವರಿಗೆ ಹಾಗೆಯೇ ಕಾಣುವುದು.
ಎರಡು ವರ್ಷಕ್ಕೆ ಎರಡು ತಿಂಗಳು ಬಿಟ್ಟರೆ
ಅವಳು ಎದುರಿಗೇ ಕೂತಿದ್ದಾಳೆ.

ಗುರುವಾರ ರಿಯೋನಾ ಪುಸ್ತಕ ತೋರಿಸಿದಳು.
ನಾನು ಹೇಳಿದ ವಾಕ್ಯದ ಬಾಲಕ್ಕೆ
ತನ್ನದೊಂದು ತುಂಡು ಅಂಟಿಸಿದ್ದಾಳೆ:
'ಆದರೆ ಕೈಯ ಬೆನ್ನು ಗೊತ್ತಿಲ್ಲ.'
ಟೀಚರು ಕೆಂಪು ಸುತ್ತು ಹಾಕಿ ಅರ್ಧ ಅಂಕ ಕಡಿದಿದ್ದಾರೆ.
"ಸರಿಯೇ ಬರೆದಿದ್ದೆ ಅಲ್ವಾ ಅಂಕಲ್?"
ಸರಿ ಮಗಾ. ಬೆಲ್ಟು ಹಾಕು.

ವಾದಿ ಅದೈ ಸಿಗ್ನಲ್ಲು ಮತ್ತೆ ಕೆಂಪು.
ಗೇರಿನಿಂದ ಬಲಗೈ ತೆಗೆದು
ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಬೋರಲು ಇಟ್ಟೆ,
ಹಸಿರಾಗುವವರೆಗೆ.